ಒಂದು ವರ್ಷದ ಮೇಯರ್ ಅವಧಿಯಲ್ಲಿ ನಾನು ಹಿಡಿದ ಕೆಲಸ

ನಾನು ಮೇಯರ್ ಆದಾಗ ಕರ್ನಾಟಕದ ನಮ್ಮಂಥ ಪಾಲಿಕೆಗಳಲ್ಲಿ ಆ ಸ್ಥಾನದ ಅವಧಿ ಒಂದೇ ವರ್ಷ. 1976ರ ಕೆಎಂಸಿ ಕಾಯ್ದೆ, ಅಂದರೆ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಹಾಗೇ ಇತ್ತು. ನಗರಸಭೆ ಅಧ್ಯಕ್ಷರಿಗೆ 30 ತಿಂಗಳು, ಅದಕ್ಕಿಂತ ದೊಡ್ಡ ಊರಿನ ಮೇಯರ್‌ಗೆ ಬರೀ 12 ತಿಂಗಳು. ಇದು ಸರಿಯಲ್ಲ ಅಂತ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಸಿಕ್ಕಿದ ಸಮಯದಲ್ಲಿ ಏನಾದರೂ ಮಾಡಲೇಬೇಕಲ್ವಾ? ಮೇಯರ್ ಆಗುವ ಕಾರ್ಪೊರೇಟರ್‌ಗಳಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ಮೇಯರ್ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಪ್ರಾದೇಶಿಕ ಆಯುಕ್ತರು ಚುನಾವಣೆ ನಡೆಸಿದರು. ಕಾರ್ಪೊರೇಟರ್‌ಗಳ ಜೊತೆ ಶಾಸಕರು, ಸಂಸದರೂ ಕೈ ಎತ್ತಿ ಮತ ಹಾಕಿದರು. ಗೌನು ಹಾಕಿಕೊಂಡ ಮರುದಿನದಿಂದಲೇ ಮನೆ ಮುಂದೆ ಜನ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂತ ಒಬ್ಬರು, ಸೈಟ್ ಹಂಚಿಕೆ ಆಗಿಲ್ಲ ಅಂತ ಇನ್ನೊಬ್ಬರು. ಎರಡೂ ಪಾಲಿಕೆಯ ಕೆಲಸ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಅಂತ 18 ವಿಷಯ ಪಟ್ಟಿ ಮಾಡಿದೆ ನಿಜ. ಆದರೂ ಅದರಲ್ಲಿ ಎಷ್ಟೋ ಕೆಲಸ ಇನ್ನೂ ಪ್ರಾಧಿಕಾರ, ಮಂಡಳಿಗಳ ಕೈಯಲ್ಲೇ ಇದೆ. ಬಂದವರನ್ನು ನಾನು ಸುಮ್ನೆ ವಾಪಸ್ ಕಳಿಸಲಿಲ್ಲ. ಯಾವ ಕಚೇರಿ, ಯಾರಿಗೆ ಅರ್ಜಿ ಅಂತ ಬರೆದುಕೊಡಲು ಆಪ್ತ ಸಹಾಯಕರನ್ನು ಕೂರಿಸಿದೆ.

ಪಾಲಿಕೆಯೊಳಗೂ ಕಾರ್ಯಾಂಗದ ಅಧಿಕಾರ ಆಯುಕ್ತರದ್ದು. ಟೆಂಡರ್, ಬಿಲ್, ನೋಟಿಸ್ ಎಲ್ಲ ಅವರ ಸಹಿಯಲ್ಲೇ ಆಗಬೇಕು. ಹಾಗಾದರೆ ಮೇಯರ್ ಕೈಯಲ್ಲಿ ಏನಿದೆ? ಸಾಮಾನ್ಯ ಸಭೆ ಇದೆ. ಅದು ಚಿಕ್ಕದಲ್ಲ. ಪೀಠದಲ್ಲಿ ಕೂರುವವರು ಮೇಯರ್. ರೂಲಿಂಗ್ ಅವರದ್ದು. ಮತ ಸಮ ಬಂದರೆ ನಿರ್ಣಾಯಕ ಮತವೂ ಅವರದ್ದೇ.

ಕಾರ್ಪೊರೇಟರ್ ಆಗಿದ್ದಾಗಲೇ ನಾನು ಒಂದು ವಿಷಯ ಗಮನಿಸಿದ್ದೆ. ಸಭೆಯಲ್ಲಿ ಗಲಾಟೆ ಆಗಿ ಕೊನೆಗೆ ನಿರ್ಣಯ ಆಗುತ್ತದೆ. ನಡಾವಳಿಯಲ್ಲಿ ಬರೆಯುತ್ತಾರೆ. ಆಮೇಲೆ ಆ ಕಡತ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಪ್ರತಿ ಸಭೆಯನ್ನೂ ಅನುಪಾಲನಾ ವರದಿಯಿಂದ ಶುರು ಮಾಡಿಸಿದೆ. ಹಿಂದಿನ ಸಭೆಯ ಒಂದೊಂದು ನಿರ್ಣಯಕ್ಕೂ ಸಂಬಂಧಪಟ್ಟ ಅಧಿಕಾರಿ ಎದ್ದು ನಿಂತು ಹೇಳಬೇಕು: ಆಗಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾರ ಟೇಬಲ್ ಮೇಲಿದೆ. ‘ಪರಿಶೀಲನೆಯಲ್ಲಿದೆ’ ಅನ್ನುವ ಉತ್ತರ ಒಪ್ಪುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಶೂನ್ಯ ವೇಳೆ, ಅಂದರೆ ತಮ್ಮ ವಿಷಯ ಎತ್ತುವ ಸಮಯ, ತಡವಾಗುತ್ತದೆ ಅಂತ ಸದಸ್ಯರಿಗೆ ಬೇಜಾರಾಯಿತು. ಆದರೆ ತಮ್ಮ ವಾರ್ಡಿನ ಹಳೇ ಕೆಲಸಗಳು ಕದಲಿದ್ದು ನೋಡಿ ಆಮೇಲೆ ಅವರೇ ಅನುಪಾಲನಾ ವರದಿ ಕೇಳತೊಡಗಿದರು.

ಇನ್ನು ನಾನೇ ಬೆನ್ನು ಹತ್ತಿದ ಕೆಲಸ ಅಂದರೆ ಚರಂಡಿ, ರಾಜಕಾಲುವೆ. ಉದ್ಘಾಟನೆ ಮಾಡಿ ಫೋಟೊ ತೆಗೆಸಿಕೊಳ್ಳುವ ಕೆಲಸ ಇದಲ್ಲ. ಆದರೆ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದರೆ ಬಡವರ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಹಾಳಾಗುತ್ತವೆ. ಮಳೆ ಜೂನ್‌ನಲ್ಲಿ ಬರುತ್ತದೆ. ಹೂಳೆತ್ತುವ ಮಾತು ಮೇನಲ್ಲಿ ಶುರುವಾದರೆ ಪ್ರಯೋಜನವೇ ಇಲ್ಲ. ಸರ್ಕಾರಿ ಖರೀದಿ, ಗುತ್ತಿಗೆಗಳಲ್ಲಿ ಪಾರದರ್ಶಕತೆಗಾಗಿ ಇರುವ ಕೆಟಿಪಿಪಿ ಕಾಯ್ದೆ ಪ್ರಕಾರ ಟೆಂಡರ್‌ಗೆ ಸಮಯ ಬಿಡಬೇಕು, ಆಮೇಲೆ ವರ್ಕ್ ಆರ್ಡರ್. ಹಾಗಾಗಿ ಎಸ್ಟಿಮೇಟ್ ಜನವರಿಯಲ್ಲೇ ಆಗಬೇಕು ಅಂತ ಪಟ್ಟು ಹಿಡಿದೆ.

ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ನಕ್ಷೆಗಿಂತ ಚೆನ್ನಾಗಿ ಹೇಳಿದವರು ಪೌರಕಾರ್ಮಿಕರು. ಬೆಳಗಿನ ಜಾವ ಹಾಜರಾತಿ ಹಾಕುವ ಜಾಗಕ್ಕೆ ಹೋಗಿ ಅವರ ಜೊತೆ ನಿಂತು ಮಾತಾಡುತ್ತಿದ್ದೆ. ‘ಅಕ್ಕಾ, ಮೇಲಿಂದ ಕ್ಲೀನ್ ಮಾಡ್ತಾ ಬಂದ್ರೆ ಏನ್ ಬಂತು? ಕೆಳಗೆ ಮೋರಿಗೆ ಅಡ್ಡ ಪೈಪ್ ಹಾಕವ್ರೆ, ಕಸವೆಲ್ಲ ಅಲ್ಲೇ ಸಿಕ್ಕೋತದೆ’ ಅಂದರು ಒಬ್ಬ ಹಿರಿಯ ಹೆಂಗಸು. ಎಂಜಿನಿಯರ್‌ಗಳನ್ನು ಅಲ್ಲಿಗೇ ಕರೆಸಿದೆ. ನೀರಿನ ಪೈಪು, ಕೇಬಲ್‌ಗಳು ಮೋರಿಯ ಬಾಯಿಗೆ ಅಡ್ಡ ಬಂದ ಕಡೆಯೆಲ್ಲ ಪ್ಲಾಸ್ಟಿಕ್ ಗೋಡೆಯಂತೆ ನಿಂತಿತ್ತು. ಮೊದಲು ಕೆಳಗಿನ ತುದಿ ಬಿಡಿಸಿ, ಮೇಲಕ್ಕೆ ಹೋಗುವ ಹಾಗೆ ಕೆಲಸ ಜೋಡಿಸಿದೆವು.

ಹೂಳೆತ್ತುವ ಗುತ್ತಿಗೆಗೆ ಒಂದು ಷರತ್ತನ್ನೂ ಸೇರಿಸಿದೆವು. ಎತ್ತಿದ ಹೂಳನ್ನು ದಡದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಅದು ವಾಪಸ್ ಒಳಗೆ. ಹೂಳು ಲಾರಿಯಲ್ಲಿ ಹೋಗಿರಬೇಕು, ಮೊದಲಿನದ್ದೂ ಆಮೇಲಿನದ್ದೂ ಜಿಪಿಎಸ್ ಫೋಟೊ ಕಡತದಲ್ಲಿರಬೇಕು, ಆಗಲೇ ಬಿಲ್. ಗುತ್ತಿಗೆದಾರರಿಂದ ಒತ್ತಡ ಬಂತು. ಆಯುಕ್ತರು ಗಟ್ಟಿಯಾಗಿ ನಿಂತರು, ಆ ಋಣ ನನಗಿದೆ.

ಪೌರಕಾರ್ಮಿಕರ ವಿಷಯ ಇಲ್ಲಿ ಹೇಳಲೇಬೇಕು. 700 ಜನಸಂಖ್ಯೆಗೆ ಒಬ್ಬರು ಅನ್ನುವ ಲೆಕ್ಕ ಸರ್ಕಾರದ್ದು. ಆ ಲೆಕ್ಕ ತುಂಬದ ವಾರ್ಡಿನಲ್ಲಿ ಇರುವವರ ಮೇಲೇ ಹೊರೆ. ಹೆಂಗಸರೇ ಜಾಸ್ತಿ. ಅವರಿಗೆ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ. ಪಾಲಿಕೆಯ ಖಾಲಿ ಕಟ್ಟಡಗಳಲ್ಲಿ ಇದಕ್ಕೆ ಜಾಗ ಮಾಡಿಸಿದ್ದು ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಕೆಲಸ. ಮ್ಯಾನ್‌ಹೋಲ್ ಕಟ್ಟಿಕೊಂಡಿದೆ, ಬೇಗ ಯಾರನ್ನಾದರೂ ಇಳಿಸಿ ಅಂತ ಫೋನ್ ಬಂದಾಗಲೆಲ್ಲ ಒಂದೇ ಉತ್ತರ ಕೊಟ್ಟೆ: ರಭಸದ ನೀರು ಹಾಯಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಮಷೀನ್ ಬರುವ ತನಕ ಕಾಯಿರಿ. ಮಲಹೊರುವ ಪದ್ಧತಿ ವಿರುದ್ಧದ 2013ರ ಕಾಯ್ದೆ ಹೀಗೆ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ನನ್ನ ಉತ್ತರ ಅದೇ ಆಗಿರುತ್ತಿತ್ತು.

ಬಜೆಟ್ ಮಂಡಿಸುವವರು ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿ ಅಧ್ಯಕ್ಷರು, ಮೇಯರ್ ಅಲ್ಲ. ಆದರೂ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾದ ಶೇ 24.10ರ ಹಣ, ಅಂಗವಿಕಲರ ಶೇ 5ರ ಹಣ ಖರ್ಚಾಯಿತೇ ಅಂತ ವರ್ಷದ ಮಧ್ಯದಲ್ಲೇ ಕೇಳಿ. ಮಾರ್ಚ್‌ನಲ್ಲಿ ಕೇಳಿದರೆ ಅವಸರದ ಖರೀದಿ ಅಷ್ಟೇ ಆಗುತ್ತದೆ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಸಿಗುವ ಶೇ 5ರ ರಿಯಾಯಿತಿ ಬಗ್ಗೆಯೂ ಕಸದ ಗಾಡಿಗಳ ಮೈಕಿನಲ್ಲಿ ಹೇಳಿಸಿ.

ನನ್ನ ನಂತರ ಬಂದವರು ಬೇರೆ ಪಕ್ಷದವರು. ಬಾಕಿ ನಿರ್ಣಯಗಳ ಪಟ್ಟಿಯನ್ನು, ಪ್ರತಿ ಕಡತದ ಸಂಖ್ಯೆ ಸಮೇತ, ಅವರ ಕೈಗೇ ಕೊಟ್ಟೆ. ಮುಂದಿನ ಮಳೆಗಾಲದ ಹೂಳೆತ್ತುವ ಎಸ್ಟಿಮೇಟ್ ನಾನು ಇಳಿಯುವ ಮೊದಲೇ ಸ್ಥಾಯಿ ಸಮಿತಿ ದಾಟಿತ್ತು. ಟೆಂಡರ್ ಕರೆಸಿದ್ದು ಅವರು, ಅದೇ ಷರತ್ತಿನ ಮೇಲೆ.