ಕೊಳ್ಳುವವರೇ ಇಲ್ಲದ ವರ್ಷ ಫ್ಲ್ಯಾಟ್ ಮಾರಿದ್ದು

2018ರ ಫೆಬ್ರವರಿಯಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು 54 ಲಕ್ಷಕ್ಕೆ ಮಾರಿದೆ. ಅದೇ ಕಾಂಪ್ಲೆಕ್ಸ್‌ನಲ್ಲಿ, ಅದೇ ಅಳತೆಯ ಫ್ಲ್ಯಾಟಿಗೆ 62 ಲಕ್ಷ ಹೇಳುತ್ತಿದ್ದವರು ಇದ್ದರು. ಅಷ್ಟು ಕಡಿಮೆಗೆ ಯಾಕೆ ಬಿಟ್ಟೆ ಅಂತ ನೆಂಟರು ಈಗಲೂ ಕೇಳುತ್ತಾರೆ.

ಆಗಿನ ಪರಿಸ್ಥಿತಿ ನೆನಪಿರಬಹುದು. 2016ರ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಮರುವರ್ಷ ಜುಲೈನಲ್ಲಿ ಜಿಎಸ್‌ಟಿ ಬಂತು, ಬಿಲ್ಡರ್‌ಗಳಿಗೆ ಕಡಿವಾಣ ಹಾಕುವ ರೇರಾ ನಿಯಮಗಳೂ ಬಂದವು. ಬೆಂಗಳೂರಲ್ಲಿ ರೇಟು ದಬಕ್ಕನೆ ಬೀಳಲಿಲ್ಲ. ಹೇಳುವ ರೇಟು ಹಾಗೇ ನಿಂತಿತ್ತು, ಕೊಳ್ಳುವವರು ಮಾತ್ರ ಮಾಯ. “ಯಲಚೇನಹಳ್ಳಿವರೆಗೆ ಮೆಟ್ರೋ ಬಂದಾಯ್ತಲ್ಲ ಸಾರ್, ಇನ್ನೊಂದು ವರ್ಷ ಕಾಯಿರಿ, ಈ ಕಡೆಗೂ ಬರತ್ತೆ” ಅಂದ ಒಬ್ಬ ಬ್ರೋಕರ್. ಅಲ್ಲಿಂದ ಮುಂದಕ್ಕೆ ರೈಲು ಓಡಿದ್ದು 2021ರ ಜನವರಿಯಲ್ಲಿ!

ನಾನು ಕಾಯುವ ಖರ್ಚು ಬರೆದಿಟ್ಟೆ. ನಾವು ಆಗಲೇ ಮೈಸೂರಿಗೆ ಬಂದಿದ್ದೆವು. ಬಾಕಿ ಸಾಲದ ಬಡ್ಡಿ ತಿಂಗಳಿಗೆ ಸುಮಾರು 13,000. ಮೇಂಟೆನೆನ್ಸ್ 3,500. ಬಾಡಿಗೆಯವರು ಇದ್ದರೆ ಮನೆ ತೋರಿಸುವುದೇ ಕಷ್ಟ, ತಾವೇ ಇರಲು ಕೊಳ್ಳುವವರಂತೂ ಬರುವುದಿಲ್ಲ. ಹಾಗಾಗಿ ಮನೆ ಖಾಲಿ ಇಟ್ಟೆ, 16,000 ಬಾಡಿಗೆ ಹೋಯಿತು. ಒಟ್ಟು 32,500. ಆರು ತಿಂಗಳು ಹಟ ಹಿಡಿದರೆ ಎರಡು ಲಕ್ಷ ಸುಮ್ನೆ ಹೋಗುತ್ತದೆ.

ರೇಟು ಎಷ್ಟು ಹೇಳಬೇಕು ಅನ್ನುವುದಕ್ಕೆ ಜಾಹೀರಾತು ನೋಡಲಿಲ್ಲ. ಅಲ್ಲಿರುವುದು ಮಾರುವವರ ಆಸೆ, ಅಷ್ಟೇ. ನಮ್ಮ ಕಾಂಪ್ಲೆಕ್ಸ್‌ನಲ್ಲಿ ಹಿಂದೆ ಕೈಬದಲಾದ ಫ್ಲ್ಯಾಟುಗಳ ಇಸಿ (ಆಸ್ತಿಯ ಮಾರಾಟ, ಅಡಮಾನಗಳ ನೋಂದಣಿ ವಿವರ ಇರುವ ಪತ್ರ) ತೆಗೆಸಿದೆ. ಅದರಲ್ಲಿ ಕ್ರಯದ ಮೊತ್ತ ಇರುತ್ತದೆ. ಆದರೆ ಎಲ್ಲವನ್ನೂ ನಂಬುವ ಹಾಗಿಲ್ಲ. ಬ್ಲ್ಯಾಕ್, ವೈಟ್ ಅಂತ ನಡೆಯುತ್ತಿದ್ದ ಕಾಲದಲ್ಲಿ ಪತ್ರದಲ್ಲಿ ಕಮ್ಮಿ ಬರೆಸುತ್ತಿದ್ದರು. ಕ್ರಯದ ಹಿಂದೆಯೇ ಬ್ಯಾಂಕಿನ ಅಡಮಾನ ನೋಂದಣಿಯಾಗಿದ್ದರೆ ಆ ಮೊತ್ತ ನಿಜಕ್ಕೆ ಹತ್ತಿರ ಇರುತ್ತದೆ. ಸಾಲ ಜಾಸ್ತಿ ಸಿಗಬೇಕೆಂದರೆ ಪತ್ರದಲ್ಲೂ ಪೂರ್ತಿ ತೋರಿಸಬೇಕು, ಅಲ್ವಾ? ಅಂಥವನ್ನಷ್ಟೇ ಆರಿಸಿದಾಗ ಕಂಡದ್ದು 53ರಿಂದ 56 ಲಕ್ಷ. 62ಕ್ಕೆ ಹೋದದ್ದು ಒಂದೂ ಇರಲಿಲ್ಲ.

ನಮ್ಮ ನಿಜವಾದ ಪೈಪೋಟಿ ಪಕ್ಕದ ಮನೆಯವರ ಜೊತೆ ಅಲ್ಲ, ಬಿಲ್ಡರ್‌ಗಳ ಜೊತೆ. ಹತ್ತಿರದಲ್ಲೇ ಕಟ್ಟುತ್ತಿದ್ದ ಹೊಸ ಫ್ಲ್ಯಾಟಿಗೆ ಕಾರ್ ಪಾರ್ಕಿಂಗ್ ಸೇರಿ 58 ಲಕ್ಷ. ಕಟ್ಟುತ್ತಿರುವ ಫ್ಲ್ಯಾಟಿಗೆ ಆಗ ಶೇ. 12 ಜಿಎಸ್‌ಟಿ. ಅಲ್ಲಿಗೆ 65 ಲಕ್ಷ ಆಯಿತು. ಕೀ ಸಿಗುವವರೆಗೆ ಬಾಡಿಗೆ ಬೇರೆ. ನಮ್ಮಂಥ ಹಳೇ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಬಂದವರ ಮುಂದೆ ಇದನ್ನೇ ಒಂದು ಹಾಳೆಯಲ್ಲಿ ಬರೆದು ತೋರಿಸುತ್ತಿದ್ದೆ.

ಮೊದಲ ದಿನವೇ 56 ಹೇಳಿದೆ. 62 ಹೇಳಿ ತಿಂಗಳಿಗೊಂದು ಲಕ್ಷ ಇಳಿಸುವುದು ನನಗೆ ಸರಿ ಕಾಣಲಿಲ್ಲ. ಬ್ರೋಕರ್‌ಗಳ ನಡುವೆ ಅಂಥ ಮನೆಗೆ ‘ಇನ್ನೂ ಹೋಗಿಲ್ವಾ’ ಅನ್ನುವ ಹೆಸರು ಅಂಟಿಕೊಳ್ಳುತ್ತದೆ. ಬಾತ್‌ರೂಮಿನ ಗೋಡೆಯ ತೇವ ಸರಿಮಾಡಿಸಿ, ಸುಣ್ಣಬಣ್ಣ ಹೊಡೆಸಿದೆ, ಅಷ್ಟೇ. ಎಲ್ಲರ ಮೊದಲ ಪ್ರಶ್ನೆ ಒಂದೇ: ಕಾವೇರಿ ನೀರು ಇದೆಯಾ? ಇತ್ತು.

ಕೊನೆಗೆ ಬಂದದ್ದು ಗಂಡ, ಹೆಂಡತಿ, ಜೊತೆಗೆ ಹುಡುಗಿಯ ಅಪ್ಪ. ವ್ಯಾಪಾರ ಮಾಡಿದ್ದೆಲ್ಲ ಆ ಯಜಮಾನರೇ. “ನಲವತ್ತೊಂಬತ್ತಕ್ಕೆ ಮುಗಿಸಿಬಿಡೋಣ ಸಾರ್” ಅಂದರು. ಅಲ್ಲಿ ನೆರವಿಗೆ ಬಂದದ್ದು ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ. ನಮ್ಮ ಫ್ಲ್ಯಾಟಿಗೆ ಅದು 51 ಲಕ್ಷ ಆಗುತ್ತಿತ್ತು. ಅದಕ್ಕಿಂತ ಕಮ್ಮಿಗೆ ಕೊಂಡರೂ ಸ್ಟ್ಯಾಂಪ್ ಡ್ಯೂಟಿ 51ರ ಮೇಲೆಯೇ. ಅದೂ ಅಲ್ಲದೆ, 2013ರ ಏಪ್ರಿಲ್‌ನಿಂದ ಆ ವ್ಯತ್ಯಾಸ 50,000 ದಾಟಿದರೆ ಅದು ಕೊಂಡವರ ಆದಾಯಕ್ಕೆ ಸೇರುತ್ತಿತ್ತು. (ಈಗ ಶೇ. 10ರವರೆಗೆ ವಿನಾಯಿತಿ ಇದೆ.) ಎರಡು ಲಕ್ಷ ಉಳಿಸಿ ಅದಕ್ಕೆ ತೆರಿಗೆ ಕಟ್ಟಿದರೂ ಲೆಕ್ಕದಲ್ಲಿ ಅವರಿಗೆ ಲಾಭವೇ. ಆದರೆ ಇನ್‌ಕಮ್ ಟ್ಯಾಕ್ಸ್ ನೋಟಿಸ್ ಯಾರಿಗೆ ಬೇಕು? ಅಳಿಯ ಮಾವನ ಮುಖ ನೋಡಿದ. ಮಾತು 53ಕ್ಕೆ ಬಂತು, 54ಕ್ಕೆ ನಿಂತಿತು.

ಇಂಥ ಕಾಲದಲ್ಲಿ ಒಪ್ಪಿದವರೂ ತಡವಾದರೆ ಮನಸ್ಸು ಬದಲಿಸುತ್ತಾರೆ. ಅದಕ್ಕೇ ಫೈಲು ಮೊದಲೇ ರೆಡಿ ಇತ್ತು: ಎ ಖಾತಾ (ಪಾಲಿಕೆಯ ಕ್ರಮಬದ್ಧ ಆಸ್ತಿ ದಾಖಲೆ), ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ), ಮದರ್ ಡೀಡ್ (ಆಸ್ತಿ ಮೊದಲು ಯಾರದಾಗಿತ್ತು ಅನ್ನುವ ಹಳೇ ಪತ್ರ), ತೆರಿಗೆ ರಶೀದಿ, ಇಸಿ. ಮೂಲ ಪತ್ರಗಳು ನಮ್ಮ ಬ್ಯಾಂಕಿನಲ್ಲಿ ಇದ್ದುದರಿಂದ ಅವುಗಳ ಪಟ್ಟಿ ಮತ್ತು ಬಾಕಿ ಸಾಲದ ಪತ್ರ ತಂದಿಟ್ಟಿದ್ದೆ. ಫ್ಲೋಟಿಂಗ್ (ಏರಿಳಿಯುವ) ಬಡ್ಡಿಯ ಗೃಹಸಾಲ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಅಂತ 2012ರಲ್ಲೇ ಆರ್‌ಬಿಐ ಹೇಳಿದೆ. ಅವರ ಬ್ಯಾಂಕಿನ ಚೆಕ್ ನೇರವಾಗಿ ನಮ್ಮ ಸಾಲಕ್ಕೆ ಹೋಯಿತು, ಉಳಿದದ್ದು ನಮ್ಮ ಕೈಗೆ. ಬ್ರೋಕರ್ ಎರಡು ಪರ್ಸೆಂಟ್ ಕೇಳಿದ, ಒಂದಕ್ಕೆ ಒಪ್ಪಿಸಿದೆ.

50 ಲಕ್ಷ ದಾಟಿದ ವ್ಯವಹಾರವಾದ್ದರಿಂದ ಕೊಂಡವರು ಶೇ. 1 ಟಿಡಿಎಸ್ (ಮೊದಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದಿದ್ದರು. ರಿಟರ್ನ್ ತುಂಬುವಾಗ ಆಡಿಟರ್ ಲಾಭದ ಲೆಕ್ಕ ಹಾಕಿದರು. 2009ರ ಕೊನೆಯಲ್ಲಿ ಎಲ್ಲ ಸೇರಿ 29 ಲಕ್ಷ ಕೊಟ್ಟು ಕೊಂಡಿದ್ದು. ಹಣದುಬ್ಬರದ ಸೂಚ್ಯಂಕ ಆಗ 148, ಮಾರಿದ ವರ್ಷ 272. ಅದರಂತೆ ತೆರಿಗೆಯ ಲೆಕ್ಕಕ್ಕೆ ನಮ್ಮ ಖರೀದಿ ಬೆಲೆ 53.3 ಲಕ್ಷ ಆಯಿತು. ಬ್ರೋಕರ್ ಕಮಿಷನ್ ಕಳೆದರೆ ಎಂಟು ವರ್ಷಕ್ಕೆ ಲಾಭ ಹದಿನಾರು ಸಾವಿರದಷ್ಟು. “ತೆರಿಗೆ ಕಟ್ಟೋಕೂ ಏನೂ ಇಲ್ವಲ್ಲ ಸಾರ್” ಎಂದು ನಕ್ಕರು. ಟಿಡಿಎಸ್ ದುಡ್ಡಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ವಾಪಸ್ ಬಂತು.