ಹಳೆಯ ರೀಲು ಕ್ಯಾಮೆರಾ ಕೊಳ್ಳುವ ಮುನ್ನ

ದಾವಣಗೆರೆ, ಚಿತ್ರದುರ್ಗಗಳ ಹಳೆಯ ಸ್ಟುಡಿಯೊಗಳ ಬೀರುಗಳಲ್ಲಿ, ಒಂದು ಕಾಲಕ್ಕೆ ಮದುವೆ ನಾಮಕರಣಗಳ ಚಿತ್ರ ತೆಗೆದ ಎಸ್‌ಎಲ್‌ಆರ್ (ಸಿಂಗಲ್ ಲೆನ್ಸ್ ರಿಫ್ಲೆಕ್ಸ್) ಕ್ಯಾಮೆರಾಗಳು ಇನ್ನೂ ಸಿಗುತ್ತವೆ. ಇಂದಿಗೂ ರೀಲು ಹಾಕಿ ಚಿತ್ರ ತೆಗೆಯಬಲ್ಲ ಕ್ಯಾಮೆರಾವನ್ನೇ ಕೊಳ್ಳಬೇಕು. ಬರೀ ಅಲಂಕಾರಕ್ಕೆ ಇಟ್ಟ ಯಂತ್ರ ಬೇಗ ಜಡವಾಗುತ್ತದೆ.

ಮೊದಲು ಯಾವ ಕಾಲದ ಕ್ಯಾಮೆರಾ ಬೇಕೆಂದು ನಿರ್ಧರಿಸಿಕೊಳ್ಳಿ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದಿನ ಓರೆಗನ್ನಡಿಯು ಬೆಳಕನ್ನು ಮೇಲಕ್ಕೆ ತಿರುಗಿಸುವುದರಿಂದ, ರೀಲಿನ ಮೇಲೆ ಬೀಳಲಿರುವ ದೃಶ್ಯವೇ ಕಣ್ಣಿಗೂ ಕಾಣುತ್ತದೆ. 1936ರಲ್ಲಿ ಡ್ರೆಸ್ಡೆನ್‌ನಲ್ಲಿ ತಯಾರಾದ ಕಿನೆ ಎಕ್ಸಾಕ್ಟಾದಲ್ಲಿ ಮೇಲಿನಿಂದ ಬಗ್ಗಿ ನೋಡಬೇಕಿತ್ತು, ಎಡಬಲವೂ ಅದಲುಬದಲಾಗಿರುತ್ತಿತ್ತು. 1949ರ ಕಾಂಟ್ಯಾಕ್ಸ್ ಎಸ್, ದೃಶ್ಯವನ್ನು ನೇರವಾಗಿ ಕಣ್ಣಿನ ಮಟ್ಟಕ್ಕೆ ತರುವ ಪೆಂಟಾಪ್ರಿಸಂ ಎಂಬ ಗಾಜಿನ ಪಟ್ಟಕವನ್ನು ತಂದು ಆ ಕಷ್ಟ ನೀಗಿಸಿತು. ಚಿತ್ರ ತೆಗೆದೊಡನೆ ಕನ್ನಡಿ ತಾನಾಗಿ ಕೆಳಗಿಳಿಯುವ ವ್ಯವಸ್ಥೆ 1954ರ ಜಪಾನಿನ ಅಸಾಹಿಫ್ಲೆಕ್ಸ್‌ನಲ್ಲಿ ಬಂತು; 1959ರ ನಿಕಾನ್ ಎಫ್ ವೃತ್ತಿಪರರ ಕೈ ಸೇರಿತು. ಹೊಸಬರಿಗೆ ನನ್ನ ಸಲಹೆ 1976ರ ಪೆಂಟಾಕ್ಸ್ ಕೆ1000 ಅಥವಾ 1977ರ ನಿಕಾನ್ ಎಫ್‌ಎಂ. ಇವೆರಡರಲ್ಲೂ ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. 1976ರ ಕ್ಯಾನನ್ ಎಇ-1 ಹಾಗಲ್ಲ, ಬ್ಯಾಟರಿ ಮುಗಿದರೆ ಷಟರ್ (ರೀಲಿಗೆ ಬೆಳಕು ಬಿಡುವ ಪರದೆ) ಬೀಳುವುದೇ ಇಲ್ಲ. ಆದ್ದರಿಂದ ಹೊಸ ಬ್ಯಾಟರಿ ಹಾಕದೆ ಅದನ್ನು ಕೆಟ್ಟಿದೆಯೆಂದು ಬಿಡಬೇಡಿ.

ಕ್ಯಾಮೆರಾ ಕೈಗೆ ಬಂದಾಗ ಹಿಂಬಾಗಿಲು ತೆರೆದು ಒಂದು ಸೆಕೆಂಡಿನಿಂದ ಅತಿ ವೇಗದವರೆಗೆ ಷಟರ್ ಒತ್ತುತ್ತಾ ಹೋಗಿ. ನಿಧಾನ ವೇಗಗಳಲ್ಲಿ ಅದು ನಡುವೆ ತಡೆದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಷಟರಿನ ಪರದೆಯನ್ನೂ ಕನ್ನಡಿಯನ್ನೂ ಬೆರಳಿನಿಂದ ಮುಟ್ಟಬೇಡಿ. ಬಾಗಿಲಿನ ಅಂಚಿನ ಸ್ಪಂಜು ಅಂಟಂಟಾಗಿ ಪುಡಿಯಾಗುತ್ತಿದ್ದರೆ ಬೆಳಕು ಒಳಗೆ ಸೋರುತ್ತದೆ, ಆದರೆ ಅದನ್ನು ಬದಲಿಸುವುದು ಸುಲಭ. ಲೆನ್ಸಿನ ಬೂಷ್ಟು ಹಾಗಲ್ಲ. ಲೆನ್ಸನ್ನು ಬಿಚ್ಚಿ ಒಂದು ಬದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬದಿಯಿಂದ ನೋಡಿದಾಗ, ಜೇಡರಬಲೆಯಂಥ ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ, ಏಕೆಂದರೆ ಬೂಷ್ಟು ಗಾಜಿನ ಲೇಪನವನ್ನೇ ತಿಂದಿರಬಹುದು. ಒಲಿಂಪಸ್ ಒಎಂ-1ರಂಥವು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದವು. ಈಗ ಸಿಗುವ 1.5 ವೋಲ್ಟಿನದನ್ನು ಹಾಗೆಯೇ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ.

ಮಾಲೀಕರು ಒಪ್ಪಿದರೆ ಪೂರ್ತಿ ಹಣ ಕೊಡುವ ಮೊದಲು ಒಂದು ರೀಲು ತೆಗೆದು ನೋಡಿ. ಇದಕ್ಕೆ ದುರ್ಗದ ಕೋಟೆಗಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲಿಲ್ಲ. ನಿಚ್ಚಳ ಬಿಸಿಲಿನಲ್ಲಿ, ಐಎಸ್‌ಒ (ಬೆಳಕು ಗ್ರಹಿಸುವ ಶಕ್ತಿಯ ಅಳತೆ) 100ರ ರೀಲಿಗೆ ಲೆನ್ಸಿನ ಕಿಂಡಿ ಎಫ್/16, ಷಟರ್ ವೇಗ 1/125 ಸೆಕೆಂಡು ಸರಿಯಾದ ಅಳತೆ. ಮೀಟರ್ ಇದಕ್ಕೆ ಸಮೀಪವಿದೆಯೇ ನೋಡಿ. ಕಪ್ಪು ಬಂಡೆಯನ್ನೇ ಅಳೆದರೆ ಮೀಟರ್ ಹೆಚ್ಚು ಬೆಳಕು ಬೇಡುತ್ತದೆ, ಅದು ದೋಷವಲ್ಲ. ಅತಿ ವೇಗದಲ್ಲೂ ಕೆಲವು ಚಿತ್ರ ತೆಗೆಯಿರಿ. ತೊಳೆಸಿದ ಮೇಲೆ ಅವುಗಳ ಒಂದು ಅಂಚು ಮಾತ್ರ ಕಪ್ಪಾಗಿದ್ದರೆ ಷಟರಿನ ಪರದೆಗಳು ಸಮವಾಗಿ ಓಡುತ್ತಿಲ್ಲ, ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೊಂಡ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ, ಬ್ಯಾಟರಿ ತೆಗೆದಿಡಿ, ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಷಟರ್ ಓಡಿಸಿ.