ಐದು ಭಾನುವಾರ ಒಂದಕ್ಕೆ ಇಳಿದ ಲೆಕ್ಕ

ಭಾನುವಾರದ ಪರೀಕ್ಷೆ ತಪ್ಪಿಸಲು ವಿಶ್ವವಿದ್ಯಾಲಯದ ಕರಡು ವೇಳಾಪಟ್ಟಿಯನ್ನು ನಾವೇ ಒಂದು ಹಾಳೆಯಲ್ಲಿ ಮರುಹೊಂದಿಸಿ ಕೊಡೋಣ ಎಂಬ ದಾರಿಯನ್ನು ತುಮಕೂರಿನಲ್ಲಿ ಸೇರಿದ್ದ ಅಧ್ಯಾಪಕರ ಸಂಘದ ಸಭೆಯಲ್ಲಿ ಮುಂದಿಟ್ಟಾಗ ಅರ್ಧ ಜನ ನಕ್ಕರು. "ಟೈಮ್ ಟೇಬಲ್ ಮಾಡೋದು ಅವರ ಕೆಲಸ ಸಾರ್, ನಾವ್ಯಾಕೆ ಮಾಡಿಕೊಡ್ಬೇಕು? ವ್ಯಾಲ್ಯುಯೇಷನ್ನಿಗೆ ಹೋಗೋದು ನಿಲ್ಲಿಸಿ, ತಾನೇ ದಾರಿಗೆ ಬರ್ತಾರೆ" ಅಂದರು. ಕಳೆದ ಬೆಸ ಸೆಮಿಸ್ಟರಿನ ಕರಡಿನಲ್ಲಿ ಐದು ಭಾನುವಾರಗಳಿದ್ದವು, ಅಂತಿಮ ಪಟ್ಟಿಯಲ್ಲಿ ಉಳಿದದ್ದು ಒಂದು. ನಕ್ಕವರೇ ಈಗ ಆ ಹಾಳೆ ಕಳಿಸಿ ಅಂತ ಫೋನ್ ಮಾಡುತ್ತಿದ್ದಾರೆ, ಅದಕ್ಕೇ ಇದನ್ನು ಬರೆದಿದ್ದು. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಬೇಡ. ನಾಳೆಯೂ ಅವರ ಜೊತೆಯೇ ಕೆಲಸ.

ಬಹಿಷ್ಕಾರ ಯಾಕೆ ಬೇಡ ಅಂದೆವೆಂದರೆ, ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲಿದೆ, ಮುಷ್ಕರದ ಹಕ್ಕು ಅದರ ಬೆನ್ನಿಗೆ ಬರುವುದಿಲ್ಲ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರ ಸುಂದರಾಂಬಾಳ್ ಪ್ರಕರಣದಲ್ಲೇ ಹೇಳಿಬಿಟ್ಟಿದೆ. 2003ರ ರಂಗರಾಜನ್ ತೀರ್ಪು ಸರ್ಕಾರಿ ನೌಕರರ ಮುಷ್ಕರಕ್ಕೂ ಬಾಗಿಲು ಹಾಕಿತು. ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ನಮಗಿಲ್ಲ. ಸಂಘ ಸೊಸೈಟಿ ಕಾಯ್ದೆಯಲ್ಲಿ ನೋಂದಣಿಯಾಗಿದ್ದರೆ ಲೆಟರ್‌ಹೆಡ್‌ಗೆ ಒಂದು ತೂಕ, ಅಷ್ಟೆ.

ಮೊದಲು ಹೂಡಿದ ವಾದ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯದು: ವಾರಕ್ಕೆ 40 ಗಂಟೆ, ವರ್ಷಕ್ಕೆ 30 ವಾರ, 180 ಬೋಧನಾ ದಿನ. ಪರೀಕ್ಷಾ ಮೇಲ್ವಿಚಾರಣೆಯ ಗಂಟೆಗಳನ್ನು ಕೂಡಿದರೆ 40 ದಾಟುತ್ತದೆ ಎಂದು ಬರೆದೆವು. ಅಲ್ಲಿ ಬರೆದಿರುವುದು "40 ಗಂಟೆಗಿಂತ ಕಡಿಮೆ ಇರಬಾರದು" ಅಂತ. ಅದು ಕೆಳಮಿತಿ, ಮೇಲ್ಮಿತಿಯಲ್ಲ. ಒಂದೇ ಸಾಲಿನ ಉತ್ತರ ಬಂತು, ನಾವು ಬಾಯಿ ಮುಚ್ಚಿಕೊಂಡೆವು. 2019ರಲ್ಲಿ ರಾಜ್ಯ ಸರ್ಕಾರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಸಿ ನಾಲ್ಕನೇ ಶನಿವಾರ ರಜೆ ಕೊಟ್ಟ ಆದೇಶವನ್ನೂ ಇದಕ್ಕೆ ಎಳೆದು ತರಬೇಡಿ. ಬೇಸಿಗೆ ರಜೆಯ ಮಾತು ಎದ್ದು, ಇರುವುದಕ್ಕೂ ಕುತ್ತು.

ಎರಡನೆಯದು ಮಾಹಿತಿ ಹಕ್ಕು. "ಭಾನುವಾರ ಯಾಕೆ ಪರೀಕ್ಷೆ ಇಟ್ಟಿರಿ" ಎಂದು ಕೇಳಿದ ಅರ್ಜಿ ಬಿದ್ದುಹೋಯಿತು. "ಯಾಕೆ" ಎಂಬುದಕ್ಕೆ ಆ ಕಾಯ್ದೆಯಲ್ಲಿ ಉತ್ತರವಿಲ್ಲ, ಕಡತದಲ್ಲಿರುವ ಕಾಗದ ಮಾತ್ರ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎರಡನೇ ಸಲ ಹಿಂದಿನ ಎರಡು ಸೆಮಿಸ್ಟರಿನ ವೇಳಾಪಟ್ಟಿ ಕಡತದ ಟಿಪ್ಪಣಿ ಹಾಳೆಗಳನ್ನು ಮಾತ್ರ ಕೇಳಿದೆವು. 10 ರೂಪಾಯಿಯ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿ, ಒಟ್ಟು ನೂರರ ಒಳಗೆ ಮುಗಿಯಿತು. 30 ದಿನ ಹಿಡಿಯುವುದರಿಂದ ನಡೆಯುತ್ತಿರುವ ಪರೀಕ್ಷೆಗೆ ಇದು ಉಪಯೋಗವಿಲ್ಲ, ಮುಂದಿನದಕ್ಕೆ ಹಾಕಿಡಿ.

ಆ ಟಿಪ್ಪಣಿಗಳಲ್ಲೇ ಗಂಟಿನ ತುದಿ ಸಿಕ್ಕಿತು. ಭಾನುವಾರಗಳನ್ನು ತಿಂದಿದ್ದು ರೆಗ್ಯುಲರ್ ಪತ್ರಿಕೆಗಳಲ್ಲ, ರಿಪೀಟರ್‌ಗಳ, ಅಂದರೆ ಫೇಲಾಗಿ ಮತ್ತೆ ಬರೆಯುವವರ ಪತ್ರಿಕೆಗಳು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, 2024-25ರಲ್ಲಿ ರಾಜ್ಯದ ಪದ್ಧತಿಗೆ ವಾಪಸಾದೆವು, ಅದಕ್ಕೂ ಹಿಂದಿನ ಸಿಬಿಸಿಎಸ್‌ನ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಉಳಿಕೆ ಬೇರೆ. ಈ ಮೂರು ಸ್ಕೀಮ್‌ಗೂ (ಪದ್ಧತಿಗೂ) ಬೇರೆ ಬೇರೆ ಕ್ಯೂಪಿ ಕೋಡ್ (ಪ್ರಶ್ನೆಪತ್ರಿಕೆಯ ಸಂಕೇತ ಸಂಖ್ಯೆ), ಮೂರಕ್ಕೂ ಬೇರೆ ಬೇರೆ ಸೆಷನ್ ಕೊಟ್ಟಿದ್ದರು. ಆದರೆ ಒಬ್ಬ ವಿದ್ಯಾರ್ಥಿ ಒಂದೇ ಸ್ಕೀಮ್‌ನಲ್ಲಿರುತ್ತಾನೆ. ಸಿಬಿಸಿಎಸ್ ಮೂರನೇ ಸೆಮ್ ವಾಣಿಜ್ಯವನ್ನೂ ಹೊಸ ಪದ್ಧತಿಯ ಮೊದಲ ಸೆಮ್ ಇತಿಹಾಸವನ್ನೂ ಒಂದೇ ಬೆಳಿಗ್ಗೆ ಇಟ್ಟರೆ ಯಾರಿಗೂ ತೊಡಕಿಲ್ಲ. ಒಂದೇ ಸ್ಕೀಮ್‌ನ ಒಂದು, ಮೂರು, ಐದನೇ ಸೆಮ್‌ಗಳನ್ನು ಮಾತ್ರ ಒಟ್ಟಿಗೆ ಇಡುವಂತಿಲ್ಲ. ಐದನೇ ಸೆಮ್ ಹುಡುಗ ಒಂದನೇ ಸೆಮ್‌ನದ್ದನ್ನೂ ಕಟ್ಟಿರುತ್ತಾನೆ.

ಹಾಳೆ ಮಾಡುವ ಬಗೆ: ಕರಡು ಪಟ್ಟಿಯನ್ನು ಎಕ್ಸೆಲ್‌ಗೆ ತನ್ನಿ. ಕಾಲಂಗಳು ದಿನಾಂಕ, ಬೆಳಿಗ್ಗೆ ಅಥವಾ ಮಧ್ಯಾಹ್ನ, ಕ್ಯೂಪಿ ಕೋಡ್, ಸ್ಕೀಮ್, ಸೆಮಿಸ್ಟರ್, ಅಭ್ಯರ್ಥಿಗಳ ಸಂಖ್ಯೆ. ಇನ್ನೊಂದು ಹಾಳೆಯಲ್ಲಿ ಯುಯುಸಿಎಂಎಸ್ (ವಿಶ್ವವಿದ್ಯಾಲಯ-ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಕೊಡುವ ನಾಮಿನಲ್ ರೋಲ್‌ನಿಂದ (ಅಭ್ಯರ್ಥಿಗಳ ಪಟ್ಟಿ) ನೋಂದಣಿ ಸಂಖ್ಯೆ ಮತ್ತು ಕೋಡ್ ಮಾತ್ರ. ಹೆಸರು ಅಳಿಸಿಬಿಡಿ, ಆ ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಕೋಡ್ ಹಿಡಿದು ಮೊದಲ ಹಾಳೆಯಿಂದ ದಿನ-ಸೆಷನ್ ತಂದು, ನೋಂದಣಿ ಸಂಖ್ಯೆಯನ್ನೂ ಅದನ್ನೂ ಸೇರಿಸಿ ಎಣಿಸುವ ಕೌಂಟ್‌ಇಫ್ಸ್ ಫಾರ್ಮುಲಾ ಹಾಕಿದರೆ 2 ಅಥವಾ ಹೆಚ್ಚು ಬಂದ ಕಡೆಯೆಲ್ಲ ಕ್ಲ್ಯಾಶ್, ಅಂದರೆ ಒಬ್ಬನಿಗೇ ಒಂದೇ ಹೊತ್ತಿಗೆ ಎರಡು ಪತ್ರಿಕೆ. ನಾವು ಅದನ್ನು ಇನ್ನೊಂದು ರೀತಿಯಲ್ಲಿ ಚುರುಕು ಮಾಡಿಕೊಂಡಿದ್ದೇವೆ, ಅದು ಸಂಘದವರ ಹತ್ತಿರವೇ ಇರಲಿ.

ಮೊದಲ ಹಾಳೆ ನಗೆಪಾಟಲಾಯಿತು. ನಮ್ಮ ಆರು ಕಾಲೇಜಿನ ವಿಷಯಗಳ ಕಾಂಬಿನೇಷನ್ ಮಾತ್ರ ಹಾಕಿದ್ದೆವು. ಪಾವಗಡದ ಕಡೆಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ, ಮನಶ್ಶಾಸ್ತ್ರ ಒಟ್ಟಿಗೆ ಓದುವವರು ಹನ್ನೊಂದೋ ಹನ್ನೆರಡೋ ಜನ ಇದ್ದರು, ಎರಡನ್ನೂ ಒಂದೇ ಸೆಷನ್‌ಗೆ ತುರುಕಿದ್ದೆವು. ಪರೀಕ್ಷಾ ವಿಭಾಗದವರು ಹತ್ತು ನಿಮಿಷದಲ್ಲಿ ಹಿಡಿದರು. ಎರಡನೇ ಸಲ ಎಲ್ಲ ಕೇಂದ್ರಗಳ ಸಂಖ್ಯೆ ಹಾಕಿದೆವು, ಆದರೂ ಮರುದಾಖಲಾತಿಯವರನ್ನು ಮರೆತೆವು. ಓದು ಬಿಟ್ಟು ಮತ್ತೆ ಸೇರಿದವರು ಹೊಸ ಸ್ಕೀಮ್‌ನಲ್ಲಿದ್ದು ಹಳೇ ಸ್ಕೀಮ್‌ನ ಪತ್ರಿಕೆ ಹೊತ್ತಿರುತ್ತಾರೆ. ಅವರೆಲ್ಲ ಸೇರಿ ಇಪ್ಪತ್ತು ಚಿಲ್ಲರೆ. ಫಾರ್ಮುಲಾ ನಂಬಬೇಡಿ, ಕೈಯಲ್ಲೇ ನೋಡಿ.

ಕ್ಲ್ಯಾಶ್ ಮುಗಿದ ಮೇಲೆ ಬೆಂಚಿನ, ಅಂದರೆ ಕೂರಿಸುವ ಜಾಗದ ಲೆಕ್ಕ. ನಮ್ಮಲ್ಲಿ ಕೊಠಡಿಗೆ 40 ಅಭ್ಯರ್ಥಿಗಳು, ಕೊಠಡಿಗೊಬ್ಬ ಮೇಲ್ವಿಚಾರಕ, ಅವರನ್ನು ಸ್ವಲ್ಪ ಹೊತ್ತು ಬಿಡಿಸಲು ಐದು ಕೊಠಡಿಗೆ ಒಬ್ಬ ರಿಲೀವರ್. ಕರಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದ ಮಧ್ಯಾಹ್ನದ ಸೆಷನ್ 11 ಸಿಕ್ಕವು. ಐದು ಭಾನುವಾರದ ಹತ್ತು ಸೆಷನ್‌ಗಳಲ್ಲಿ ಎಂಟನ್ನು ಅವುಗಳಲ್ಲಿ ಕೂರಿಸಿದೆವು. ಉಳಿದದ್ದು ಭಾಷಾ ಪತ್ರಿಕೆ. ಅದಕ್ಕೆ ಇಡೀ ಕಟ್ಟಡ ಬೇಕು, ಆ ವಾರ ಬಿ.ಎಡ್. ಪರೀಕ್ಷೆಗೂ ಅದೇ ಕೊಠಡಿಗಳು. ಅದನ್ನು ಬಿಟ್ಟುಕೊಟ್ಟೆವು. ಎಲ್ಲಾ ಐದೂ ಬೇಡ ಎಂದು ಹಟ ಹಿಡಿದಿದ್ದರೆ ಒಂದೂ ಕೈಗೆ ಬರುತ್ತಿರಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆವು. ಒಂದೇ ಕೊಠಡಿಯಲ್ಲಿ ಎರಡು ಸ್ಕೀಮ್ ಕೂರಿಸಿದರೆ ಕೊಠಡಿ ಉಳಿಯುತ್ತದೆಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನೋಡಿದೆವು. ಶೀರ್ಷಿಕೆ ಒಂದೇ, ಕೋಡ್ ಬೇರೆ. ಮೇಲ್ವಿಚಾರಕರು ಶೀರ್ಷಿಕೆ ನೋಡಿ ಹಂಚಿದರು, ಅರ್ಧ ಗಂಟೆಯಾದ ಮೇಲೆ ಹುಡುಗಿಯೊಬ್ಬಳು ಎದ್ದು ಪತ್ರಿಕೆ ಅದಲುಬದಲಾಗಿದೆ ಎಂದು ಹೇಳಿದಳು. ನಿಜವಾದ ಪರೀಕ್ಷೆಯಾಗಿದ್ದರೆ ಆ ಪತ್ರಿಕೆಯೇ ಮರುಪರೀಕ್ಷೆ, ಅದೂ ಬಹುಶಃ ಭಾನುವಾರವೇ. ಸಾಲು ಬೇರೆ ಮಾಡಿ, ಕೋಡನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದರೆ ಮಾತ್ರ ಇದು ನಡೆಯುತ್ತದೆ. ಎರಡು ಗಂಟೆಯ ಪತ್ರಿಕೆಗಳಿಗೆ ದಿನಕ್ಕೆ ಮೂರು ಸೆಷನ್ ಎಂಬುದೂ ಹೊಳೆದಿತ್ತು. ಉತ್ತರ ಪತ್ರಿಕೆ ಬಂಡಲ್ ಕಟ್ಟುವುದಕ್ಕೇ ನಲವತ್ತು ನಿಮಿಷ ಬೇಕು, ಅಲ್ಲಿಗೆ ಕೈಬಿಟ್ಟೆವು.

ನಮ್ಮ ಒಗ್ಗಟ್ಟು ಒಡೆದದ್ದು ದುಡ್ಡಿನ ಕಡೆಯಿಂದ. ಪರೀಕ್ಷಾ ಡ್ಯೂಟಿಯ ಸಂಭಾವನೆ ಭಾನುವಾರಕ್ಕೂ ಸೋಮವಾರಕ್ಕೂ ಒಂದೇ. ಕಾಯಂ ಅಧ್ಯಾಪಕರಿಗೆ ಭಾನುವಾರ ಹೊರೆ, ಅತಿಥಿ ಉಪನ್ಯಾಸಕರಲ್ಲಿ ಹಲವರಿಗೆ ಅದೇ ಎರಡು ಕಾಸಿನ ದಾರಿ. "ನಮ್ಮ ಡ್ಯೂಟಿ ಕಿತ್ತುಕೊಳ್ತಿದೀರ" ಎಂದು ಒಬ್ಬರು ನೇರವಾಗಿಯೇ ಹೇಳಿದರು, ಸುಳ್ಳಲ್ಲ. ಹಾಗಾಗಿ ಉಳಿದ ಒಂದು ಭಾನುವಾರಕ್ಕೆ ಮೊದಲು ಒಪ್ಪಿಗೆಯವರ ಪಟ್ಟಿ, ಕಡಿಮೆ ಬಿದ್ದರೆ ಮಾತ್ರ ಸರದಿ ಎಂದು ಬರೆಸಿಕೊಂಡೆವು. ಪರಿಹಾರ ರಜೆ ಕೇಳಿದರೆ "ಸಂಭಾವನೆ ತಗೊಂಡ ಮೇಲೆ ರಜೆ ಎಲ್ಲಿಂದ" ಎಂಬುದು ಆಡಿಟ್‌ನ ಖಾಯಂ ಪ್ರಶ್ನೆ. ಒಪ್ಪಿಗೆ ನಮೂನೆಯಲ್ಲೇ "ಸಂಭಾವನೆ" ಅಥವಾ "ರಜೆ", ಎರಡರಲ್ಲೊಂದಕ್ಕೆ ಟಿಕ್ ಹಾಕಿಸಿದೆವು, ಪ್ರಶ್ನೆ ನಿಂತಿತು.

ಡ್ಯೂಟಿ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದೇ ದಿನ ಲಿಖಿತ ಆದೇಶ ಕೋರಿ ಪ್ರಾಂಶುಪಾಲರಿಗೆ ಪತ್ರ ಕೊಟ್ಟು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ರಜೆ, ಪ್ರಯಾಣ ಭತ್ಯೆ, ದಾರಿಯಲ್ಲಿ ಏನಾದರೂ ಆದರೆ ಅದರ ಹೊಣೆ, ಎಲ್ಲದಕ್ಕೂ ಆ ಕಾಗದವೇ ಆಧಾರ. ಶಿರಾ, ಮಧುಗಿರಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಇದನ್ನು ಬಿಡಲೇಬಾರದು.

ಹಾಳೆಯ ಜೊತೆ ಇನ್ನೊಂದು ಪುಟ ಲಗತ್ತಿಸಿದ್ದು ಕೆಲಸ ಮಾಡಿತು: ಒಂದು ಭಾನುವಾರದ ಹೆಚ್ಚುವರಿ ಖರ್ಚು. ಅಟೆಂಡರ್, ಸ್ವಚ್ಛತೆಯವರ ಹೆಚ್ಚಿನ ಕೂಲಿ, ಪ್ರಶ್ನೆಪತ್ರಿಕೆ ತರುವ ಬಾಡಿಗೆ ಗಾಡಿ, ಬಂಡಲ್ ರಾತ್ರಿ ಉಳಿದರೆ ಕಾವಲು. ದೊಡ್ಡ ಕೇಂದ್ರಕ್ಕೆ ಏಳು ಸಾವಿರದ ಆಸುಪಾಸು ಬಂದಿತ್ತು. ನಮ್ಮ ಮನವಿ ಓದದವರು ಆ ಪುಟ ಓದಿದರು. ಜೊತೆಗೆ ಕೊನೆಯಲ್ಲಿ ಎರಡು ವಾರದ ದಿನ ಖಾಲಿ ಬಿಟ್ಟು ತೋರಿಸಿದೆವು. ಕಾವೇರಿ ನೀರಿಗಾಗಿ 2023ರ ಸೆಪ್ಟೆಂಬರ್ 29ರಂದು ಆದಂಥ ಬಂದ್ ಬಂದರೆ ಮುಂದೂಡಿದ ಪತ್ರಿಕೆ ಅಲ್ಲಿಗೆ ಹೋಗುತ್ತದೆ, ಭಾನುವಾರಕ್ಕಲ್ಲ.

ನಮ್ಮ ಖರ್ಚು ಜೆರಾಕ್ಸ್, ದೊಡ್ಡ ಹಾಳೆಯ ಪ್ರಿಂಟ್, ಓಡಾಟ ಸೇರಿ ಎರಡು ಸಾವಿರ ಚಿಲ್ಲರೆ. ಅದಕ್ಕೂ ಹಿಂದಿನ ವರ್ಷದ ಸುದ್ದಿಗೋಷ್ಠಿ, ಬ್ಯಾನರ್‌ಗೆ ಎಂಟು ಸಾವಿರ ಹೋಗಿ ಒಂದು ಕಾಲಂ ಸುದ್ದಿ ಬಂದಿತ್ತು. ಪತ್ರ ಕುಲಸಚಿವರ (ಮೌಲ್ಯಮಾಪನ) ಹೆಸರಿಗೇ ಇರಲಿ, ಕರಡು ಬಂದ ನಾಲ್ಕು ದಿನದೊಳಗೆ ತಲುಪಲಿ. ಅದಕ್ಕೂ ಮೊದಲು ಯಾವ ಟೇಬಲ್ ಮುಂದೆ ಹಾಳೆ ಬಿಚ್ಚಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸಮ ಸೆಮಿಸ್ಟರಿಗೆ ಹಾಳೆಯ ಚೌಕಟ್ಟು ಈಗಲೇ ಸಿದ್ಧ ಮಾಡಿಟ್ಟಿದ್ದೇವೆ. ಸಂಖ್ಯೆಗಳನ್ನು ಮಾತ್ರ ರಿಪೀಟರ್‌ಗಳು ದಂಡದೊಂದಿಗೆ ಶುಲ್ಕ ಕಟ್ಟುವ ಕೊನೆಯ ದಿನ ಮುಗಿದ ಮೇಲೆ ತುಂಬಿ, ಮೊದಲೇ ತುಂಬಿದರೆ ಇಡೀ ಹಾಳೆ ಎರಡು ಸಲ ಮಾಡಬೇಕಾಗುತ್ತದೆ.